ಅಮರ ಸುಳ್ಯ, 1837: ಪಟೇಲರು ಯಾವ ಕಡೆ ನಿಂತರು, ಯಾಕೆ ನಿಂತರು

1837ರ ಮಾರ್ಚ್ 30ರಂದು ಸುಳ್ಯದ ಕಡೆಯಿಂದ ಎದ್ದ ದಂಡು ಏಪ್ರಿಲ್ 5ಕ್ಕೆ ಮಂಗಳೂರು ಸೇರಿತು. ದಾರಿಯಲ್ಲಿ ಬೆಳ್ಳಾರೆಯ ಖಜಾನೆ ಕೈಸೇರಿತ್ತು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿಯಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ದೋಣಿ ಹತ್ತಿ ಕಣ್ಣೂರಿನ ಕಡೆ ಹೋದರು. ಮಂಗಳೂರಿನ ಜೈಲು ತೆರೆಯಿತು, ಕಚೇರಿಗೆ ಬೆಂಕಿ ಬಿತ್ತು, ಈಗ ಬಾವುಟಗುಡ್ಡ ಎನ್ನುವ ಎತ್ತರದಲ್ಲಿ ಬಂಡಾಯದ ಬಾವುಟ ಹಾರಿತು. ಉತ್ತರದ 1857ಕ್ಕೆ ಇಪ್ಪತ್ತು ವರ್ಷ ಮೊದಲಿನ ಮಾತು ಇದು.

ದಕ್ಷಿಣ ಕನ್ನಡ ಮತ್ತು ಕೊಡಗಿನಲ್ಲಿ ಇದನ್ನು ರೈತರ ದಂಗೆ ಎಂದು ಹೇಳುವುದು ವಾಡಿಕೆ. ತಪ್ಪೇನಿಲ್ಲ, ನಡೆದವರು ರೈತರೇ. ಆದರೆ ಸಾವಿರಾರು ರೈತರು ತಾವಾಗಿಯೇ ಒಂದೇ ದಿನ ಒಂದೇ ದಾರಿ ಹಿಡಿಯುವುದಿಲ್ಲ. ಯಾರೋ ಕರೆಯಬೇಕು, ಆ ಕರೆಗೆ ತೂಕ ಇರಬೇಕು. ಕರೆದವರ ಹೆಸರು ನೋಡಿ. ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡ ದೊಡ್ಡ ಹಿಡುವಳಿಯ ಮನೆಯವರು. ಗುಡ್ಡೆಮನೆ ಅಪ್ಪಯ್ಯ ಕೊಡಗಿನಲ್ಲಿ ಸುಬೇದಾರರು. ನಂದಾವರದ ಲಕ್ಷ್ಮಪ್ಪ ಬಂಗರಸ ಒಂದು ಕಾಲದಲ್ಲಿ ನಾಡಾಳಿದ ಜೈನ ಅರಸುಮನೆತನದವರು. ಶಾಂತಳ್ಳಿ ಮಲ್ಲಯ್ಯ ಘಟ್ಟದ ಮೇಲಿನ ವೀರಶೈವ ಊರುಗಳಲ್ಲಿ ಮಾತು ನಡೆಯುತ್ತಿದ್ದವರು. ಎದುರು ಕಡೆಯಲ್ಲಿ, ಕಂಪನಿಯ ಜೊತೆಗೆ, ಮಡಿಕೇರಿಯ ದಿವಾನರಾದ ಚೆಪ್ಪುಡೀರ ಪೊನ್ನಪ್ಪ ಮತ್ತು ಅಪ್ಪಾರಂಡ ಬೋಪು. ಎರಡೂ ಕಡೆ ನಿಂತವರು ಹೆಚ್ಚುಕಡಿಮೆ ಒಂದೇ ಬಗೆಯ ಜನ: ನಾಡಿನ ಗಣ್ಯರು, ಬಂಗರಸರನ್ನು ಬಿಟ್ಟರೆ ಕೊಡಗನ್ನು ಆಳಿದ ಹಾಲೇರಿ ಅರಸರ ಆಡಳಿತದಲ್ಲಿ ಬೆಳೆದವರು, ಕತ್ತಿ ಕೋವಿ ಇದ್ದ ಮನೆಯವರು. ಹಾಗಿದ್ದೂ ಒಬ್ಬರು ಗಲ್ಲಿಗೆ ಹೋದರು, ಇನ್ನೊಬ್ಬರು ಪದಕ ಪಡೆದರು. ಇದನ್ನು ಶೌರ್ಯ ಮತ್ತು ದ್ರೋಹ ಎಂಬ ಎರಡು ಮಾತಿನಲ್ಲಿ ಮುಗಿಸಿದರೆ ಈ ಹೋರಾಟದ ಅರ್ಧ ಭಾಗ ಕೈತಪ್ಪಿ ಹೋಗುತ್ತದೆ. ಉತ್ತರದ ದೊಡ್ಡ ಪಾಲು 1834ರ ಕಂದಾಯದ ಏರ್ಪಾಟಿನಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

1834ರ ಏಪ್ರಿಲ್‌ನಲ್ಲಿ ಕಂಪನಿಯ ಸೇನೆ ಮಡಿಕೇರಿ ಸೇರಿತು. ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಶರಣಾದ, ಅವನನ್ನು ಪದಚ್ಯುತಗೊಳಿಸಿ ನಾಡಿನಿಂದ ಸಾಗಿಸಿದರು. ಮೇ 7ರಂದು ಕರ್ನಲ್ ಫ್ರೇಸರ್ ಕೊಡಗು ಕಂಪನಿಗೆ ಸೇರಿತು ಎಂದು ಘೋಷಿಸಿದ. ಜನರ ಒಮ್ಮತದ ಇಚ್ಛೆಯಂತೆ ಹೀಗೆ ಮಾಡಲಾಗಿದೆ ಎಂಬ ಮಾತು ಆ ಘೋಷಣೆಯಲ್ಲೇ ಇತ್ತು. ಆಗ ಯಾರನ್ನು ಕೇಳಿದರು? ದಿವಾನರನ್ನು, ನಾಡಿನ ಮುಖಂಡರನ್ನು. ಘಟ್ಟದ ಕೆಳಗಿನ ಊರುಗಳ ಗೌಡರನ್ನು ಹಾಗೆ ಕೂರಿಸಿ ಕೇಳಿದ ದಾಖಲೆ ಕಾಣುವುದಿಲ್ಲ.

ಇಲ್ಲಿಂದ ದಾರಿ ಕವಲಾಯಿತು. ಕೊಡಗಿನ ಮೇಲುಭಾಗದಲ್ಲಿ ಕಂಪನಿ ಹಳೆಯ ಏರ್ಪಾಟನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡಿತು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯನ್ನು ಮುಟ್ಟಲಿಲ್ಲ. ಸಾಧಾರಣ ಹಿಡುವಳಿಯಾದ ಸಾಗು ಭೂಮಿಗೆ 100 ಭಟ್ಟಿಗೆ (ಭಟ್ಟಿ ಎಂದರೆ ಭತ್ತದ ಅಳತೆ, ಗದ್ದೆಯನ್ನೂ ಅದರಲ್ಲೇ ಲೆಕ್ಕ ಹಾಕುತ್ತಿದ್ದರು) 10 ರೂಪಾಯಿ ಕಂದಾಯವಾದರೆ ಜಮ್ಮಾ ಭೂಮಿಗೆ 5 ರೂಪಾಯಿ, ಅಂದರೆ ಅರ್ಧ. ಅರಸರ ಕಾಲದಲ್ಲಿ ಈ ರಿಯಾಯಿತಿಗೆ ಬದಲಾಗಿ ಜಮ್ಮಾದಾರರು ಬಿಟ್ಟಿ ಚಾಕರಿ ಮಾಡಬೇಕಿತ್ತು, ದಂಡಿಗೆ ಹೋಗಬೇಕಿತ್ತು. ಅರಸು ಹೋದ ಮೇಲೆ ಆ ಚಾಕರಿಯ ಭಾರ ಇಳಿಯಿತು, ರಿಯಾಯಿತಿ ಉಳಿಯಿತು. ದಿವಾನಗಿರಿ, ಸುಬೇದಾರಿಕೆ, ಪಾರುಪತ್ಯಗಾರಿಕೆ ಇವೆಲ್ಲ ಹೆಸರು ಸಮೇತ ಮುಂದುವರಿದವು. ಚಿಕ್ಕ ವೀರರಾಜೇಂದ್ರನ ಕಡೆಯ ವರ್ಷಗಳಲ್ಲಿ ಯಾವ ಮನೆಗೆ ಯಾವಾಗ ಮರಣದಂಡನೆ ಬರುತ್ತದೋ ಎಂಬ ಭಯದಲ್ಲಿ ಬದುಕಿದ್ದ ಪ್ರಮುಖ ಮನೆತನಗಳಿಗೆ ಈ ಬದಲಾವಣೆ ನಷ್ಟವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಘಟ್ಟದ ಕೆಳಗೆ ನಡೆದದ್ದು ಬೇರೆ. ಅಮರ ಸುಳ್ಯ ಮಾಗಣೆ (ಹಲವು ಊರುಗಳ ಆಡಳಿತ ವಿಭಾಗ) ಇಕ್ಕೇರಿ ಅರಸರ ಕಾಲದಲ್ಲೇ ಕೊಡಗಿಗೆ ಬಂದಿತ್ತು. ಪಂಜ, ಬೆಳ್ಳಾರೆಯ ಸೀಮೆ ಟಿಪ್ಪುವಿನ ಪತನದ ನಂತರ ದೊಡ್ಡ ವೀರರಾಜೇಂದ್ರನ ನೆರವಿಗೆ ಪ್ರತಿಯಾಗಿ ಕೊಡಗಿಗೆ ಸಿಕ್ಕಿತ್ತು. ಸುಳ್ಯ, ಪುತ್ತೂರು ಕಡೆಯ ಸುಮಾರು 110 ಹಳ್ಳಿಗಳ ಈ ಪ್ರದೇಶವನ್ನು 1834ರಲ್ಲಿ ಕೊಡಗಿನಿಂದ ಬಿಡಿಸಿ ಮಂಗಳೂರು ಕೇಂದ್ರವಾಗಿದ್ದ ಕೆನರಾ ಜಿಲ್ಲೆಗೆ ಸೇರಿಸಿದರು. ನಕ್ಷೆಯ ಮೇಲೆ ಇದು ಸಲೀಸಾದ ಕೆಲಸ. ಊರಿನಲ್ಲಿ ಎಲ್ಲವೂ ತಲೆಕೆಳಗಾಯಿತು. ಕೊಡಗಿನ ಅರಸರಿಗೆ ತೀರ್ವೆಯನ್ನು, ಅಂದರೆ ಭೂಕಂದಾಯವನ್ನು, ಬೆಳೆದ ಧಾನ್ಯದಲ್ಲೇ ಕೊಡುವ ರೂಢಿ ಇತ್ತು. ಕೆನರಾದಲ್ಲಿ 1799-1800ರಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಕಾಲದಿಂದ ನಗದಿನ ಲೆಕ್ಕ. ಹೊಸದಾಗಿ ಸೇರಿದ ಹಳ್ಳಿಗಳೂ ಬೆಳ್ಳಿ ರೂಪಾಯಿಯಲ್ಲೇ ಕಟ್ಟಬೇಕಾಯಿತು.

ಈ ಒಂದು ಬದಲಾವಣೆ ಒಂದು ಮನೆಗೆ ಏನು ಮಾಡುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಳೆಗಾಲದ ಬೆಳೆಯಾದ ಏಣೆಲಿನ ಕೊಯ್ಲು ಮಳೆಗಾಲ ಮುಗಿದ ಮೇಲೆ, ನೀರಿರುವ ಗದ್ದೆಯಲ್ಲಿ ಸುಗ್ಗಿ ಬೆಳೆ ಅದರ ನಂತರ. ತೀರ್ವೆಯ ಕಿಸ್ತು ಕೊಯ್ಲಿನ ಬೆನ್ನಿಗೇ ಬರುತ್ತದೆ. ಧಾನ್ಯದಲ್ಲಿ ಕೊಡುವ ಕಾಲದಲ್ಲಿ ಅಂಗಳದಲ್ಲಿ ಅಳೆದು ಕೊಟ್ಟರೆ ಮುಗಿಯಿತು, ಬೆಳೆ ಕೆಟ್ಟ ವರ್ಷ ಅಳತೆಯೂ ಕಡಿಮೆ. ನಗದಿನಲ್ಲಿ ಕಟ್ಟಬೇಕೆಂದರೆ ಮೊದಲು ಅಕ್ಕಿ ಮಾರಬೇಕು. ಸುಳ್ಯದ ಒಳನಾಡಿನಲ್ಲಿ ಕೊಳ್ಳುವವರಿಲ್ಲ. ಹುಲ್ಲಿನ ಮುಡಿಯಲ್ಲಿ ಅಕ್ಕಿ ಕಟ್ಟಿ, ತಲೆಹೊರೆಯಲ್ಲೋ ಎತ್ತಿನ ಮೇಲೋ ಹೇರಿ, ನದಿಯ ದಾರಿಯ ಪೇಟೆಗಳಾದ ಪಾಣೆಮಂಗಳೂರು, ಬಂಟ್ವಾಳಕ್ಕೆ ಇಳಿಸಬೇಕು. ಎಲ್ಲರಿಗೂ ಒಂದೇ ತಿಂಗಳಲ್ಲಿ ರೂಪಾಯಿ ಬೇಕಾದ್ದರಿಂದ ಎಲ್ಲರ ಅಕ್ಕಿಯೂ ಒಂದೇ ತಿಂಗಳಲ್ಲಿ ಪೇಟೆಗೆ ಬರುತ್ತದೆ, ಬೆಲೆ ಬೀಳುತ್ತದೆ. ಮಾರಲಾಗದವನು ಸಾಹುಕಾರನ ಹತ್ತಿರ ಹೋಗುತ್ತಾನೆ, ಮುಂದಿನ ಬೆಳೆ ಅಡವು ಇಟ್ಟು ಈ ವರ್ಷದ ತೀರ್ವೆ ಕಟ್ಟುತ್ತಾನೆ. ಮರುವರ್ಷ ಅದೇ ಗದ್ದೆಯ ಬೆಳೆ ಎರಡು ಕಡೆ ಹೋಗಬೇಕು. ಇದರ ಮೇಲೆ ಉಪ್ಪು, ಹೊಗೆಸೊಪ್ಪು ಎರಡೂ ಕಂಪನಿಯ ಏಕಸ್ವಾಮ್ಯ. ಕರಾವಳಿಯ ಪಕ್ಕದಲ್ಲೇ ಇದ್ದು ಉಪ್ಪಿಗೆ ದುಬಾರಿ ಬೆಲೆ ಕೊಡಬೇಕಾದ ಸಂಕಟ ಜನರನ್ನು ಎಷ್ಟು ಕೆರಳಿಸಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಕೆನರಾದ ರೈತರು 1830-31ರಲ್ಲೇ ಕೂಟಗಳನ್ನು ಕಟ್ಟಿ ತೀರ್ವೆ ಕಟ್ಟುವುದಿಲ್ಲ ಎಂದು ನಿಂತಿದ್ದರು. ಹೊಸದಾಗಿ ಬಂದು ಸೇರಿದ ಸುಳ್ಯದವರ ನೆರೆಯಲ್ಲೇ ಆ ಅನುಭವ ಇತ್ತು.

ಈಗ ಪಟೇಲನ ಜಾಗದಲ್ಲಿ ನಿಂತು ನೋಡಿ. ಧಾನ್ಯದ ತೀರ್ವೆಯಲ್ಲಿ ಅವನಿಗೆ ಒಂದು ಅಧಿಕಾರ ಇತ್ತು. ಯಾರ ಗದ್ದೆಗೆ ನೆರೆ ನುಗ್ಗಿದೆ, ಯಾರ ಮನೆಯಲ್ಲಿ ಸಾವಾಗಿದೆ, ಯಾರಿಗೆ ಈ ಸಲ ಬಿಡಬೇಕು ಎಂಬುದು ಅವನ ಬಾಯಿಂದ ಬರುತ್ತಿತ್ತು. ಊರಿನ ಮೇಲಿನ ಅವನ ಹಿಡಿತಕ್ಕೆ ಆಧಾರವೇ ಈ ಬಿಟ್ಟುಕೊಡುವ ಶಕ್ತಿ. ತಾಲ್ಲೂಕು ಕಚೇರಿಯ ಪುಸ್ತಕದಲ್ಲಿ ರೂಪಾಯಿ, ಆಣೆಯಲ್ಲಿ ಬರೆದಿಟ್ಟ ಮೊತ್ತದ ಮುಂದೆ ಆ ಶಕ್ತಿ ಕರಗಿತು. ವಸೂಲಿ ಮಾಡಿ ಕೊಡುವ ಹೊಣೆ ಉಳಿಯಿತು, ಕರುಣೆ ತೋರುವ ಅಧಿಕಾರ ಹೋಯಿತು. ಅವನ ಸ್ವಂತ ಹಿಡುವಳಿಯ ತೀರ್ವೆಯೂ ನಗದಿಗೆ ತಿರುಗಿತು. ಒಕ್ಕಲುಗಳ ಸಿಟ್ಟು ಮತ್ತು ಯಜಮಾನನ ಸಿಟ್ಟು ಒಂದೇ ಕಡೆ ತಿರುಗುವುದು ಅಪರೂಪ, ಇಲ್ಲಿ ತಿರುಗಿತು. ಮಡಿಕೇರಿಯಲ್ಲಿ ಹಾಗಾಗಲಿಲ್ಲ.

ಹಾಗಾದರೆ ಸಿಟ್ಟನ್ನು ದಂಡಾಗಿ ಮಾಡುವ ಕೆಲಸ ಹೇಗೆ ನಡೆಯಿತು? ಇಲ್ಲಿ ಗಣ್ಯರ ಪಾತ್ರ ಕಣ್ಣಿಗೆ ಕಟ್ಟುವಂತೆ ಇದೆ.

ಮೊದಲು ಬೇಕಾದದ್ದು ಒಂದು ಹೆಸರು. ಗೌಡನೊಬ್ಬ ತನ್ನ ಹೆಸರಿನಲ್ಲಿ ಕರೆದರೆ ಅವನ ಊರು ಬರುತ್ತದೆ, ಪಕ್ಕದ ಮಾಗಣೆ ಬರುವುದಿಲ್ಲ. ಅರಸನ ಹೆಸರಿನಲ್ಲಿ ಕರೆದರೆ ಎಲ್ಲರೂ ಬರಬಹುದು. ಹಾಲೇರಿ ವಂಶದವನು ಎಂದು ಹೇಳಿಕೊಂಡ ಅಪರಂಪಾರ ಸ್ವಾಮಿಯನ್ನು ಕಂಪನಿ ಆಗಲೇ ಹಿಡಿದಿತ್ತು. ಅವನ ನಂತರದ ಕಲ್ಯಾಣಸ್ವಾಮಿಯೂ ಸೆರೆಯಾಗಿದ್ದ. ಆಗ ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನೇ ಕಲ್ಯಾಣಸ್ವಾಮಿ ಎಂದು ಪೂಮಲೆ ಕಾಡಿನಲ್ಲಿ ಇರಿಸಿದರು. ಆ ಕಾಡಿನ ದಾರಿ ಬಲ್ಲವರು ಅಲ್ಲಿನ ಬುಡಕಟ್ಟಿನವರಾದ ಕುಡಿಯರು. ಸ್ವಾಮಿಯನ್ನು ಕಾಪಾಡಿದ ಚೆಟ್ಟಿ ಕುಡಿಯ, ಕುರ್ತ ಕುಡಿಯ ಇವರು ಯಾವ ಹುದ್ದೆಯೂ ಇಲ್ಲದವರು. ಅವರಿಲ್ಲದೆ ಗೌಡರ ಯೋಜನೆ ಕಾಡಿನ ಅಂಚಿನಲ್ಲೇ ನಿಲ್ಲುತ್ತಿತ್ತು. ಗಣ್ಯರ ಬಗ್ಗೆ ಬರೆಯುವಾಗ ಇವರನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುವ ಅಭ್ಯಾಸ ನಮ್ಮಲ್ಲಿದೆ, ಅದು ನ್ಯಾಯವಲ್ಲ.

ಪುಟ್ಟಬಸಪ್ಪ ಯಾರೆಂದು ಮುಂದಾಳುಗಳಿಗೆ ಗೊತ್ತಿತ್ತು. ಕಂಪನಿಯ ಕಾಗದಪತ್ರಗಳು ಇದನ್ನು ಹಿಡಿದುಕೊಂಡು ಇಡೀ ಹೋರಾಟವನ್ನೇ ವಂಚನೆ ಎಂದವು. ನನಗೆ ಹಾಗೆ ಕಾಣುವುದಿಲ್ಲ. ಅಂದಿನ ಆಡಳಿತದಲ್ಲಿ ಆಜ್ಞೆ ಹೊರಡುತ್ತಿದ್ದುದು ಅರಸನ ರಾಯಸವಾಗಿ, ಅಂದರೆ ಅವನ ಹೆಸರಿನ ಆಜ್ಞಾಪತ್ರವಾಗಿ. ಪಟೇಲ, ಶಾನುಭೋಗರು ಪಾಲಿಸುತ್ತಿದ್ದುದು ಅದನ್ನೇ. ಸ್ವಾಮಿಯ ಹೆಸರಿಲ್ಲದೆ ರಾಯಸ ಇಲ್ಲ, ರಾಯಸ ಇಲ್ಲದೆ ದಂಡು ಇಲ್ಲ. ವೀರಶೈವ ಅರಸುಮನೆತನದ ಮೇಲಿನ ನಿಷ್ಠೆ ಶನಿವಾರಸಂತೆ, ಶಾಂತಳ್ಳಿಯ ಕಡೆ ಗಟ್ಟಿಯಾಗಿದ್ದುದರಿಂದ ಆ ಹೆಸರು ಘಟ್ಟದ ಮೇಲೂ ಕೆಳಗೂ ನಡೆಯಿತು.

ರಾಯಸದಲ್ಲಿ ಏನಿತ್ತು ಎಂಬುದು ಮುಖ್ಯ. ಮೂರು ವರ್ಷದ ತೀರ್ವೆ ಮಾಫಿ, ಉಪ್ಪು ಮತ್ತು ಹೊಗೆಸೊಪ್ಪಿನ ಸುಂಕ ರದ್ದು. ರೈತನ ವರ್ಷದ ಲೆಕ್ಕ ಬಲ್ಲವರೇ ಬರೆದ ಮಾತು ಇದು, ಎಲ್ಲಿ ನೋವಿದೆಯೋ ಅಲ್ಲಿಗೇ ಕೈ ಇಟ್ಟಿದೆ.

ಎರಡನೆಯದು ಸಮಯ. ಮಾರ್ಚ್ ಕೊನೆಗೆ ಸುಗ್ಗಿ ಮನೆ ಸೇರಿರುತ್ತದೆ, ಮಳೆಗೆ ಎರಡು ತಿಂಗಳು ಇರುತ್ತದೆ. ಗಂಡಸರಿಗೆ ಬಿಡುವು, ಮನೆಯಲ್ಲಿ ಅಕ್ಕಿ. ಕುಮಾರಧಾರಾ, ನೇತ್ರಾವತಿಯಲ್ಲಿ ನೀರು ಇಳಿದಿರುತ್ತದೆ, ದಂಡು ದಾಟಲು ದೋಣಿಗೆ ಕಾಯಬೇಕಿಲ್ಲ. ಈ ದಿನವನ್ನು ಇದೇ ಕಾರಣಕ್ಕೆ ಆರಿಸಿದರು ಎಂದು ಬರೆದಿಟ್ಟವರಿಲ್ಲ, ಆದರೆ ಬೇಸಾಯ ಬಲ್ಲವರು ಬೇರೆ ದಿನ ಆರಿಸುತ್ತಿರಲಿಲ್ಲ.

ಮೂರನೆಯದು ಮೊದಲ ಏಟು. ಅಟ್ಲೂರು ರಾಮಪ್ಪಯ್ಯ ಎಂಬ ಸರ್ಕಾರಿ ನೌಕರ ದರ್ಪ ದಬ್ಬಾಳಿಕೆಗೆ ಹೆಸರಾಗಿದ್ದವನು. ಬಂಡಾಯಗಾರರು ಮೊದಲು ಅವನನ್ನು ಹಿಡಿದು ಕೊಂದರು. ಈ ಕೊಲೆಯನ್ನು ವೈಭವೀಕರಿಸುವ ಅಗತ್ಯವಿಲ್ಲ, ಅದು ಮಾಡಿದ ಕೆಲಸವನ್ನು ಗುರುತಿಸಿದರೆ ಸಾಕು. ಅಂದಿನಿಂದ ಮುಂದಾಳುಗಳಲ್ಲಿ ಯಾರಿಗೂ ಹಿಂದೆ ಸರಿದು ಕಚೇರಿಗೆ ಹೋಗಿ ಕೈಮುಗಿಯುವ ದಾರಿ ಉಳಿಯಲಿಲ್ಲ. ಅನುಮಾನದಲ್ಲಿದ್ದ ಊರುಗಳಿಗೂ ಇದು ಹಿಂದಿನ ಕೂಟಗಳಂಥ ಅರ್ಜಿಯ ಹೋರಾಟವಲ್ಲ ಎಂದು ತಿಳಿಯಿತು.

ನಾಲ್ಕನೆಯದು ಹಣ. ತೀರ್ವೆಯ ರೂಪಾಯಿ ಕೂಡಿಟ್ಟಿದ್ದ ಬೆಳ್ಳಾರೆಯ ಖಜಾನೆ ವಶವಾಯಿತು. ಯಾವ ನಗದಿಗಾಗಿ ರೈತ ಸಾಲ ಮಾಡಿದ್ದನೋ ಅದೇ ನಗದು ದಂಡಿನ ಖರ್ಚಿಗೆ ಬಂತು. ಮನೆಯಿಂದ ತಂದ ಅಕ್ಕಿ ಕೆಲವು ದಿನಕ್ಕೆ ಮಾತ್ರ. ಆಮೇಲೆ ಪೇಟೆಯಲ್ಲಿ ಕೊಂಡು ತಿನ್ನಬೇಕು, ಇಲ್ಲವೇ ಕಿತ್ತು ತಿನ್ನಬೇಕು. ಖಜಾನೆ ಮೊದಲೇ ಸಿಕ್ಕಿದ್ದರಿಂದ ಮುಂದಿನ ದಾರಿ ಸುಗಮವಾಯಿತು.

ಅಲ್ಲಿಂದ ದಂಡು ಕವಲೊಡೆಯಿತು. ಒಂದು ಪುತ್ತೂರಿನ ದಾರಿಯಾಗಿ ಮಂಗಳೂರಿಗೆ, ಇನ್ನೊಂದು ಕುಂಬಳೆ, ಕಾಸರಗೋಡಿನ ಕಡೆಗೆ. ಪುತ್ತೂರಿಗೆ ಸಿಪಾಯಿಗಳೊಂದಿಗೆ ಬಂದ ಕಲೆಕ್ಟರ್ ಸುತ್ತ ನೆರೆದ ಜನವನ್ನು ಕಂಡು ಮಂಗಳೂರಿಗೆ ಹಿಂದಿರುಗಿದ. ಆ ಹಿಂಜರಿಕೆಯೇ ದೊಡ್ಡ ಪ್ರಚಾರವಾಯಿತು, ಕಂಪನಿ ಓಡುತ್ತಿದೆ ಎಂಬ ಸುದ್ದಿ ದಂಡಿಗಿಂತ ಮುಂದೆ ಹೋಯಿತು. ನೇತ್ರಾವತಿಯ ದಂಡೆಯ ನಂದಾವರದಲ್ಲಿ ಲಕ್ಷ್ಮಪ್ಪ ಬಂಗರಸ ಜೊತೆಗೂಡಿದರು. ಬಂಗರ ಮನೆತನಕ್ಕೆ ಕೊಡಗಿನ ಅರಸನ ಋಣವಿಲ್ಲ. ಅವರದು ತುಳುನಾಡಿನ ಹಳೆಯ ಅರಸೊತ್ತಿಗೆ, ಮೊದಲು ಇಕ್ಕೇರಿಗೆ, ಆಮೇಲೆ ಮೈಸೂರಿಗೆ, ಕೊನೆಗೆ ಕಂಪನಿಗೆ ತಲೆಬಾಗಬೇಕಾಗಿ ಬಂದದ್ದು. ಅವರನ್ನು ಎಬ್ಬಿಸಿದ್ದು ಕಳೆದುಕೊಂಡ ಸ್ಥಾನದ ನೆನಪು. ಗೌಡರಿಗೆ ಇದರಿಂದ ಆದ ಲಾಭ ದೊಡ್ಡದು: ಬಂಟ್ವಾಳದಿಂದ ಆಚೆ ಕೊಡಗಿನ ರಾಯಸಕ್ಕೆ ಬೆಲೆ ಇರಲಿಲ್ಲ, ಬಂಗರಸರ ಹೆಸರಿಗೆ ಇತ್ತು. ದಂಡು ಮಂಗಳೂರು ಮುಟ್ಟಿದ್ದು ಈ ಎರಡು ಪ್ರಭಾವಗಳು ಒಂದಕ್ಕೊಂದು ಬೆಸೆದುಕೊಂಡದ್ದರಿಂದ.

ಮಂಗಳೂರನ್ನು ಹಿಡಿದಿಟ್ಟುಕೊಂಡದ್ದು ಸ್ಥಳೀಯ ನೆನಪಿನ ಪ್ರಕಾರ 13 ದಿನ. ಅಷ್ಟು ದಿನವೂ ಮಡಿಕೇರಿ ಕಂಪನಿಯ ಕೈಯಲ್ಲೇ ಇತ್ತು. ನನ್ನ ಲೆಕ್ಕದಲ್ಲಿ ಹೋರಾಟ ಸೋತದ್ದು ಮಂಗಳೂರಿನಲ್ಲಲ್ಲ, ಮಡಿಕೇರಿಯಲ್ಲಿ.

ಯೋಜನೆಯ ತಿರುಳು ಕೊಡಗು ಏಳುವುದು. ಸ್ವಾಮಿಯ ಗದ್ದುಗೆ ಇರಬೇಕಾದದ್ದು ಅಲ್ಲೇ. ಸುಬೇದಾರ ಅಪ್ಪಯ್ಯನಂಥವರು ಒಳಗಿನಿಂದ ಕೆಲಸ ಮಾಡುತ್ತಿದ್ದರು. ಮೂರನೆಯ ದಿವಾನ ಲಕ್ಷ್ಮೀನಾರಾಯಣ ಬಂಡಾಯಗಾರರ ಜೊತೆ ಸಂಪರ್ಕದಲ್ಲಿದ್ದಾರೆ ಎಂಬ ಸಂಶಯದ ಮೇಲೆ ಬಂಧನಕ್ಕೆ ಒಳಗಾದರು. ಅಂದರೆ ಮಡಿಕೇರಿಯ ಮೇಲ್ಪಂಕ್ತಿಯೂ ಒಂದೇ ಮನಸ್ಸಿನಲ್ಲಿ ಇರಲಿಲ್ಲ. ಆದರೆ ಬೋಪು ಮತ್ತು ಪೊನ್ನಪ್ಪ ಕದಲಲಿಲ್ಲ. 1834ರಲ್ಲಿ ಕಂಪನಿ ಸೇನೆ ಮಡಿಕೇರಿಗೆ ಬರುವಾಗ ಜೊತೆಗಿದ್ದ ಬೋಪು ಮೂರು ವರ್ಷದ ನಂತರ ಹಾಲೇರಿ ವಂಶದ ಹೆಸರಿನ ದಂಡನ್ನು ಸ್ವಾಗತಿಸುವುದು ಸಾಧ್ಯವೇ ಇರಲಿಲ್ಲ. ಹಳೆಯ ಅರಸುಮನೆ ಮರಳಿದರೆ ಮೊದಲು ಹೋಗುವುದು ಅವರ ತಲೆ. ಅವರ ಹಿಂದೆ ಕೊಡವ ಮುಖಂಡರು ನಿಂತರು, ಆ ಮುಖಂಡರ ಹಿಂದೆ ಅವರ ನಾಡುಗಳ ಕೋವಿಗಳು. ಸುಪರಿಂಟೆಂಡೆಂಟ್ ಲೆ ಹಾರ್ಡಿಯ ಬಳಿ ಸಿಪಾಯಿಗಳು ಇದ್ದರು ನಿಜ, ಆದರೆ ಮಲೆನಾಡಿನ ಕಣಿವೆ ಕಣಿವೆಯಲ್ಲಿ ದಾರಿ ಕಾಯಲು ಬೇಕಾದದ್ದು ಊರಿನವರು. ಅವರನ್ನು ಒದಗಿಸಿದವರು ದಿವಾನರು.

ಉತ್ತರ ಕರ್ನಾಟಕದಲ್ಲಿ ಕೆಲವೇ ವರ್ಷ ಹಿಂದೆ ಇದೇ ನಡೆದಿತ್ತು. ಕಿತ್ತೂರಿನ ರಾಯಣ್ಣ ಶೇತಸನದಿ, ಊರ ಕಾವಲಿಗೆ ಪ್ರತಿಯಾಗಿ ಇನಾಮು ಭೂಮಿ ಉಣ್ಣುತ್ತಿದ್ದ ಮನೆಯವನು. ಅವನನ್ನು ಹಿಡಿಯಲು ಕಂಪನಿಗೆ ನೆರವಾದವರು ಅಕ್ಕಪಕ್ಕದ ಗೌಡರು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು. ಅಲ್ಲಿಯೂ ನಾಡಿನ ಯಜಮಾನಿಕೆ ಎರಡು ಹೋಳಾಗಿತ್ತು.

ಮಂಗಳೂರಿಗೆ ಮರಳಿದರೆ, ಅಲ್ಲಿ ಕೆಟ್ಟದ್ದು ಬೇರೆ ಬಗೆಯದು. ಸಮುದ್ರ ಕಂಪನಿಯದು. ದಡ ಹಿಡಿದವರ ಬಳಿ ಹಡಗಿಗೆ ಉತ್ತರ ಇರಲಿಲ್ಲ. ಕಣ್ಣೂರು, ಮುಂಬಯಿಯಿಂದ ಸೇನೆ ನೀರಿನ ದಾರಿಯಲ್ಲಿ ಬಂದು ಇಳಿಯುವವರೆಗೆ ಮಾತ್ರ ಪಟ್ಟಣ ಅವರದಾಗಿತ್ತು. ಜೈಲಿನಿಂದ ಹೊರಬಂದವರು ಯಾರ ಮಾತಿಗೂ ಕಟ್ಟುಬಿದ್ದವರಲ್ಲ. ಹಳ್ಳಿಯ ದಂಡಿನಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಯಜಮಾನ ಇದ್ದ, ಪಟ್ಟಣದಲ್ಲಿ ಆ ಕಟ್ಟು ಸಡಿಲವಾಯಿತು. ಮುಂದಾಳುಗಳು ಊರೂರಿನ ಗೌಡರು, ಬಂದರಿನ ವ್ಯಾಪಾರಿಗಳ ಮೇಲೆ ಅವರಿಗೆ ಹಿಡಿತ ಇರಲಿಲ್ಲ. ಅಕ್ಕಿ, ಹಣ, ದೋಣಿ ಮೂರೂ ಇದ್ದದ್ದು ಆ ವ್ಯಾಪಾರಿಗಳ ಬಳಿ. ಮಳೆಗಾಲ ಹತ್ತಿರವಾದಂತೆ ಬೀಜ ಹಾಕುವ ಕಾಲವೂ ಬರುತ್ತದೆ. ಬೇಸಾಯದವರ ದಂಡಿಗೆ ಏಪ್ರಿಲ್, ಮೇ ತಿಂಗಳೇ ಗಡುವು. ಘಟ್ಟದ ಮೇಲಿನಿಂದ ಎರಡನೆಯ ದಂಡು ಇಳಿದುಬಂದಿದ್ದರೆ ಈ ಎಲ್ಲ ಕೊರತೆಗಳನ್ನು ಸ್ವಲ್ಪ ಕಾಲ ತಡೆಯಬಹುದಿತ್ತೇನೋ. ಅದು ಬರಲಿಲ್ಲ.

ಪುಟ್ಟಬಸಪ್ಪ, ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯನವರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಅನೇಕರನ್ನು ಸಮುದ್ರದಾಚೆಗೆ ಗಡೀಪಾರು ಮಾಡಿದರು. ಶಿಕ್ಷೆಗೆ ಜಾಗ ಆರಿಸಿದ ಬಗೆ ಗಮನಿಸಿ: ಘಟ್ಟದ ಮೇಲೂ ಕೆಳಗೂ ಮುಖ್ಯ ಊರಿನಲ್ಲೇ, ಜನ ನೋಡುವ ಹಾಗೆ. ಗಣ್ಯರ ಮಾತಿನ ತೂಕ ಎಷ್ಟೆಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ತನ್ನ ಕಡೆ ನಿಂತವರಿಗೆ ಅದು ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ಅಚ್ಚು ಹಾಕಿಸಿತು. ಒಂದು ಮುಖದಲ್ಲಿ ಕತ್ತಿ ಎತ್ತಿದ ಕೊಡವ ಯೋಧ, ಸುತ್ತ ಕನ್ನಡದ ಬರಹ, ಇನ್ನೊಂದು ಮುಖದಲ್ಲಿ ಇಂಗ್ಲಿಷಿನಲ್ಲಿ ನಿಷ್ಠೆಯ ಮೆಚ್ಚುಗೆ. 1861ರಲ್ಲಿ ಆಯುಧ ಕಾಯ್ದೆಯಿಂದ ಕೊಡಗಿಗೆ ವಿನಾಯಿತಿ ಸಿಕ್ಕಾಗಲೂ ನಿಷ್ಠೆಯನ್ನೇ ಕಾರಣವಾಗಿ ಹೇಳಿದರು. ಸುಳ್ಯದ ಮನೆಗಳಿಗೆ ಸಿಕ್ಕಿದ್ದು, ಕಲ್ಯಾಣಸ್ವಾಮಿಯ ಹೆಸರಿನಿಂದ ಬಂದ, ಕಲ್ಯಾಣಪ್ಪನ ಕಾಟಕಾಯಿ ಎಂಬ ಹೆಸರು, ಲೂಟಿಕೋರರ ಗಲಭೆ ಎಂಬ ಅರ್ಥದಲ್ಲಿ. ಆ ಕಾಲದ ಬಗ್ಗೆ ಮೊದಲು ಬರೆದವರು ಕಂಪನಿಯ ಅಧಿಕಾರಿಗಳು ಮತ್ತು ಮಿಷನರಿಗಳು, ಅವರಿಗೆ ಸುದ್ದಿ ಕೊಟ್ಟವರು ಗೆದ್ದ ಕಡೆಯ ಗಣ್ಯರು. ಸೋತ ಮನೆಗಳಲ್ಲಿ ಈ ಸಂಗತಿಯನ್ನು ಬಾಯಿ ಬಿಟ್ಟು ಹೇಳುವುದೇ ಅಪಾಯವಾಗಿದ್ದ ಕಾಲ ಬಹಳ ದಿನ ಇತ್ತು. ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡದಲ್ಲಿ ನಿಂತದ್ದು 2022ರಲ್ಲಿ.

ಪ್ರತಿಮೆ ಬಂದದ್ದು ಸಂತೋಷ. ಆದರೆ ಈ ಹೋರಾಟದ ಅಧ್ಯಯನದಲ್ಲಿ ದೊಡ್ಡ ಕೆಲಸ ಇನ್ನೂ ಬಾಕಿ ಇರುವುದು ಮನೆಗಳ ಅಟ್ಟದಲ್ಲಿ. ಸುಳ್ಯ, ಪುತ್ತೂರು, ಕಡಬ, ಸೋಮವಾರಪೇಟೆ ಕಡೆಯ ಹಳೆಯ ಮನೆಗಳಲ್ಲಿ ಗೇಣಿ ಚೀಟಿ, ತೀರ್ವೆಯ ರಸೀದಿ, ಓಲೆಗರಿಯ ಲೆಕ್ಕ, ಅಡವು ಪತ್ರ ಇದ್ದರೆ ಅವು ಕೋರ್ಟಿನ ತಗಾದೆಗೆ ಮಾತ್ರ ಉಪಯೋಗದ ಕಾಗದಗಳಲ್ಲ. 1834ರ ಹಿಂದಿನ ಒಂದು ವರ್ಷ ಮತ್ತು ಮುಂದಿನ ಒಂದು ವರ್ಷ, ಒಂದೇ ಮನೆಯ ತೀರ್ವೆಯ ಲೆಕ್ಕ ಎರಡೂ ಸಿಕ್ಕಿದರೆ, ಯಾವ ಮನೆ ಯಾಕೆ ಎದ್ದಿತು ಎಂಬುದನ್ನು ಇಂದಿಗಿಂತ ಎಷ್ಟೋ ಖಚಿತವಾಗಿ ಹೇಳಬಹುದು. ಗೆದ್ದಲು ಹಿಡಿಯುವ ಮೊದಲು, ಲಿಪಿ ಓದಲು ಬಾರದಿದ್ದರೂ ಸರಿ, ಪ್ರತಿ ಪುಟದ ಫೋಟೊ ತೆಗೆದಿಡಿ, ಯಾವ ಊರಿನ ಯಾವ ಮನೆಯದು ಎಂದು ಜೊತೆಗೆ ಬರೆದಿಡಿ.